ನೀರು ನಿಲ್ಲದ ಟೋಪಿಯ ಬಾಬ್ತು

ನಾನು ಸೆಲ್ಸೊ ಹುವಾಟ್ಟಾ ಯುಕ್ರಾ, ವಯಸ್ಸು 29 ವರ್ಷ, ಉದ್ಯೋಗ ಪ್ರವಾಸಿಗರಿಗೆ ದ್ವೀಪ ತೋರಿಸುವುದು, ವಿದ್ಯಾಭ್ಯಾಸ ಪುನೋ ಪಟ್ಟಣದ ಕಾಲೇಜಿನಲ್ಲಿ ಪ್ರವಾಸೋದ್ಯಮ, ವಾಸ ಟಿಟಿಕಾಕಾ ಸರೋವರದ ತಕೀಲೆ ದ್ವೀಪ. ಜುಲಿಯಾಕಾ ಠಾಣೆಗೆ ಹಾಜರಾಗಿ, ಸರಿಯಾಗಿ ಹೇಳುವುದಾದರೆ ತೋಳು ಹಿಡಿದು ಹಾಜರುಪಡಿಸಲ್ಪಟ್ಟು, ಈ ಮೂಲಕ ತಿಳಿಸುವುದೇನೆಂದರೆ:

ಅಪರಾಧವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ದಿನ ಬೆಳಿಗ್ಗೆ 11.20ಕ್ಕೆ, ರೈಲುಹಳಿಯ ಪಕ್ಕದ ಸಂತೆಯಲ್ಲಿ, ನೂಲಿನ ವ್ಯಾಪಾರಿ ದೋನ್ಯಾ ಹಸಿಂತಾ ಎಂಬವರ ತಲೆಯಿಂದ ಒಂದು ಗೇಣು ಮೇಲೆ ಉಣ್ಣೆಯ ಟೋಪಿಯನ್ನು ಬಟ್ಟಲಿನಂತೆ ಹಿಡಿದು, ಅದರೊಳಗೆ ಒಂದೂವರೆ ಲೀಟರ್ ನೀರು ಸುರಿದವನು ನಾನೇ. ಟೋಪಿ ಚೆನ್ನಾಗಿದ್ದರೆ ಒಂದು ಹನಿಯೂ ಕೆಳಗೆ ಬೀಳುತ್ತಿರಲಿಲ್ಲ. ಬಿದ್ದದ್ದರಿಂದಲೇ ಅಪರಾಧ ಯಾರದ್ದೆಂದು ಸ್ಥಳದಲ್ಲೇ ಸಾಬೀತಾಗಿದೆ. ನೀರು ಸದರಿಯವರ ದುಂಡು ಹ್ಯಾಟಿನ ಅಂಚಿನಿಂದ ಇಳಿದು ಮಡಿಲಲ್ಲಿದ್ದ ಆಲೂಗಡ್ಡೆ ಸೂಪಿನ ಬಟ್ಟಲಿಗೆ ಸೇರಿತು. ಬಟ್ಟಲು ಸೋರಲಿಲ್ಲ.

ನಮ್ಮ ದ್ವೀಪದಲ್ಲಿ ಹೆಣೆಯುವವರು ಗಂಡಸರು. ನೂಲುವುದು, ನೇಯುವುದು ಹೆಂಗಸರ ಕೆಲಸ. ಹೆಣೆಯಲು ಬಾರದವನಿಗೆ ಹೆಣ್ಣು ಕೊಡುವುದಿಲ್ಲ. ಮದುವೆಗಳು ನಡೆಯುವುದು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಮಾತ್ರ. ವರನು ತಾನೇ ಹೆಣೆದ ಟೋಪಿಯಲ್ಲಿ ಭಾವೀ ಮಾವ ನೀರು ತುಂಬುತ್ತಾರೆ. ಅದನ್ನು ಚೆಲ್ಲದೆ ಅಂಗಳ ದಾಟಿಸಿ ಅತ್ತೆಯ ಮುಂದಿಡಬೇಕು. ಈ ಸಂಗತಿಯನ್ನು ನಾನು ಎಂಟು ವರ್ಷದಿಂದ ದಿನಕ್ಕೆ ಎರಡು ಬಾರಿ ಪ್ರವಾಸಿಗರಿಗೆ ಹೇಳುತ್ತಿದ್ದು, ಹೇಳುವಾಗ ಕೈಯಲ್ಲಿ ಹೆಣಿಗೆ ಕಡ್ಡಿಗಳು ಆಡುತ್ತಲೇ ಇರುತ್ತವೆ. ಏಳನೇ ವಯಸ್ಸಿನಿಂದ ಹೆಣೆಯುತ್ತಿರುವ ನನ್ನ ಬೆರಳುಗಳಿಗೆ ಕಣ್ಣಿನ ಹಂಗಿಲ್ಲ ಎಂಬುದನ್ನು ಫ್ರಾನ್ಸಿನ ಮೂವರು ಹೆಂಗಸರು ದ್ವೀಪದ ಅತಿಥಿ ಪುಸ್ತಕದಲ್ಲಿ ಬರೆದಿರುತ್ತಾರೆ.

ಮಾರ್ಚ್ 13, ಸೋಮವಾರ, ಮಧ್ಯಾಹ್ನ 12ಕ್ಕೆ ನಾನು ಮದುವೆಯ ಟೋಪಿಗೆಂದು ದೋನ್ಯಾ ಹಸಿಂತಾ ಅವರಲ್ಲಿ ಕೆಂಪು ನೂಲಿನ ಒಂದು ಉಂಡೆ ಕೊಂಡೆ. ಸ್ವೆಟರ್ ಕಾರ್ಖಾನೆಯೊಂದರಲ್ಲಿ ಮಿಕ್ಕಿದ ಮಾಲು, ಅರ್ಧ ಬೆಲೆ. 'ಕಾರ್ಖಾನೆಯೋರು ಉಳಿಸಿದ್ದು, ದೇವ್ರು ನಿಂಗೇಂತ ಕಳಿಸಿದ್ದು, ತಗೋ ರಾಜ' ಎಂದರು. ನಂತರವೂ ಏನೋ ಹೇಳಲು ಬಂದರು. ಹೆಣಿಗೆಯಲ್ಲೇ ಹುಟ್ಟಿದವನಿಗೆ ಪಾಠ ಬೇಡವೆಂದು ನಾನು ತಡೆದೆ.

ನಿನ್ನೆ, ಏಪ್ರಿಲ್ 23, ಭಾನುವಾರ ಬೆಳಿಗ್ಗೆ 10 ಗಂಟೆಗೆ ನನ್ನ ಭಾವೀ ಮಾವ ದೋನ್ ಸಿಲ್ವೇರಿಯೊ ಮಚಾಕಾ ತಮ್ಮ ಅಂಗಳದಲ್ಲಿ, ಸುಮಾರು ನಲವತ್ತು ಜನರ ಎದುರು, ಟೋಪಿಗೆ ನೀರು ಹುಯ್ದರು. ಅಂಗಳ 22 ಹೆಜ್ಜೆ. ಒಂಬತ್ತನೇ ಹೆಜ್ಜೆಗೆ ಟೋಪಿ ಖಾಲಿ. ನನ್ನ ಪ್ಯಾಂಟಿನ ಮುಂಭಾಗ ಒದ್ದೆಯಾಗಿದ್ದು, ಅದು ಟೋಪಿಯ ನೀರೇ ಎಂದು ದಾಖಲಿಸಿಕೊಳ್ಳಬೇಕಾಗಿ ಕೋರುತ್ತೇನೆ. ಮಾವ, 'ಏನ್ ಅಳಿಯಂದ್ರೆ, ಟೋಪಿ ಹೆಣೆದ್ರೋ ಜರಡಿ ಹೆಣೆದ್ರೋ?' ಎಂದು ಕೇಳಿದರು. ಅವರ ತಮ್ಮ, 'ಬಿಸಾಕ್ಬೇಡಿ ಅತ್ತಿಗೆ, ಕಿನುವಾ ಕಾಳು ತೊಳೆಯೋಕೆ ಆಗುತ್ತೆ' ಎಂದರು. ನಲವತ್ತು ಜನ ನಕ್ಕರು. ನನ್ನ ಹುಡುಗಿ ನೆಲಿದಾ ನಗಲಿಲ್ಲ. ತನ್ನ ಕೈಗಳನ್ನೇ ನೋಡುತ್ತಿದ್ದಳು.

ನೂಲೇ ಮೋಸ ಎಂದು ನಾನು ಕೂಗಿದೆ. ಮಾವ, 'ಹಂಗಾದ್ರೆ ನೂಲಿಂದೇ ತಪ್ಪು ಅಂತ ಪೊಲೀಸ್ರ ಕೈಲಿ ಬರೆಸ್ಕೊಂಡು ಬಾ. ಈ ಮೇ ತಿಂಗಳೇ ಮದುವೆ. ನಿನ್ನ ಕೈಯ್ದೇ ತಪ್ಪು ಅಂದ್ರೆ ಮುಂದಿನ ವರ್ಷದ ಮೇ ನೋಡು, ಅಷ್ಟರೊಳಗೆ ಬೇರೆ ಟೋಪಿಯೋನು ಬಂದ್ರೆ ನಾನು ಹೊಣೆಯಲ್ಲ' ಎಂದರು. ಬರೆಯುವುದನ್ನು ಕಣ್ಣಾರೆ ನೋಡುತ್ತೇನೆಂದು ತಾವೂ ಹೊರಟರು.

ಈ ದಿನ 6.00ರ ದೋಣಿಯಲ್ಲಿ ಇಬ್ಬರೂ ಹೊರಟೆವು. ಪುನೋವರೆಗಿನ ಮೂರು ಗಂಟೆಯಲ್ಲಿ ಅವರು ಆಡಿದ್ದು ಒಂದೇ ಮಾತು: 'ನೀರು ಜಾಸ್ತಿ ಇದೆ, ಟೋಪಿ ಎತ್ಕೋ.' ಅಲ್ಲಿಂದ ಬಸ್ಸಿನಲ್ಲಿ 11.10ಕ್ಕೆ ಜುಲಿಯಾಕಾ ಸಂತೆ. ದೋನ್ಯಾ ಹಸಿಂತಾ ಟೋಪಿಯನ್ನು ಬೆಳಕಿಗೆ ಹಿಡಿದು, 'ಈ ತೂತಲ್ಲಿ ನಮ್ಮ ಅಂಗಡಿ ಪೂರ್ತಿ ಕಾಣ್ಸುತ್ತಲ್ಲೋ' ಎಂದರು. ನನಗೆ ಟೋಪಿ ಹಾಕಿದವರೇ ನನ್ನ ಟೋಪಿಯನ್ನು ಹಂಗಿಸಿದ್ದರಿಂದ ಸಿಟ್ಟು ತಡೆಯಲಾರದೆ, ಸಾಕ್ಷಿಗೆಂದು ದ್ವೀಪದಿಂದ ಬಾಟಲಿಯಲ್ಲಿ ತಂದಿದ್ದ ಸರೋವರದ ನೀರನ್ನು ಮೇಲೆ ತಿಳಿಸಿದಂತೆ ಉಪಯೋಗಿಸಿದೆ. ಪಶ್ಚಾತ್ತಾಪವಿಲ್ಲ. ನೀರು ಕಡಿಮೆಯಾಯಿತೆಂಬ ಬೇಸರವಿತ್ತು.

ಠಾಣೆಗೆ ಬಂದ ಮೇಲೆ, ದೋನ್ಯಾ ಹಸಿಂತಾ ಹ್ಯಾಟು ಹಿಂಡುತ್ತಾ ಹೇಳಿದ್ದೇನೆಂದರೆ: 'ಮಿಷಿನ್ ನೂಲು ಕಣಪ್ಪ, ಸಡಿಲ ಇರುತ್ತೆ, ಎಣ್ಣೆ ತೊಳ್ದು ಎರಡೆಳೆ ಸೇರಿಸಿ ಹುರಿ ಮಾಡ್ಕೋ ಅಂತ ಹೇಳಕ್ಕೆ ಬಾಯಿ ತೆಗೆದ್ರೆ, ಈ ಪುಣ್ಯಾತ್ಮ ಕೇಳ್ಬೇಕಲ್ಲ.' ಇದನ್ನು ಕೇಳಿದ ಮಾವ ಅದೇ ನೂಲಿನ ಉಂಡೆ ತರಿಸಿ, ಸ್ವಲ್ಪ ತೊಳೆದು, ಎರಡೆಳೆ ಹುರಿ ಮಾಡಿ, ಹೊರಗಿನ ಬೆಂಚಿನ ಮೇಲೆ ಕುಳಿತು ಎರಡು ಗಂಟೆಯಲ್ಲಿ ಹೆಬ್ಬೆರಳು ಹಿಡಿಯುವಷ್ಟು ಚೀಲ ಹೆಣೆದರು. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ಸಾಲಾಸ್ ಸಾಹೇಬರು ಅದರೊಳಗೆ ತಮ್ಮ ಚಹಾ ಸುರಿದರು. ಒಂದು ಹನಿ ಸೋರಲಿಲ್ಲ. ಸಾಹೇಬರು ನನ್ನ ಕೈಗೆ ಬೇರೆ ಕಡ್ಡಿಗಳನ್ನು ಕೊಟ್ಟು, 'ನೀವೂ ಒಂದು ಹೆಣೀರಿ, ಪಕ್ಕಪಕ್ಕ ಇಟ್ಟು ನೋಡಿ ಕೇಸು ಮುಗಿಸೋಣ' ಎಂದರು.

ಮಾವ ಬೆಂಚಿಗೆ ಮರಳಿ ಮತ್ತೊಂದು ಹೆಣೆಯತೊಡಗಿದರು. ನಾನು ಬಾಗಿಲು ಮುಚ್ಚಲು ಕೋರಿದೆ. ಮುಚ್ಚಿದ ನಂತರ ಹೇಳಿದ್ದು ಹೀಗಿರುತ್ತದೆ.

ಟೋಪಿ ಹೆಣೆದವಳು ನೆಲಿದಾ. ಹಗಲೆಲ್ಲ ಕುರಿ ಹಟ್ಟಿಯ ಹಿಂದೆ ಅಡಗಿ, ಆರು ವಾರ ಹೆಣೆದಳು. ಅಪ್ಪ ಹೆಣೆಯುವುದನ್ನು ನೋಡಿಯೇ ಕಲಿತದ್ದು. 'ಎಳೆ ಸಡಿಲ ಇದೆ ಕಣೋ, ಎರಡು ಸೇರಿಸಿ ಹುರಿ ಮಾಡ್ಲಾ?' ಎಂದು ಅವಳೂ ಕೇಳಿದ್ದಳು. ಎರಡು ಸೇರಿಸಿದರೆ ಅರ್ಧ ಬೆಲೆಯ ನೂಲು ಪೂರ್ತಿ ಬೆಲೆಯದಾಗುತ್ತದೆ ಎಂದು ನಾನೇ ಬೇಡವೆಂದೆ. ನನಗೆ ಹೆಣೆಯಲು ಬರುವುದಿಲ್ಲ. ಎಂಟು ವರ್ಷದಿಂದ ಪ್ರವಾಸಿಗರ ಮುಂದೆ ಹೆಣೆಯುತ್ತಿರುವುದು ಅದೇ ನಾಲ್ಕು ಸಾಲು. ಅವರು ದೋಣಿ ಹತ್ತಿದ ಮೇಲೆ ಬಿಚ್ಚಿಡುತ್ತೇನೆ. ಐದನೇ ಸಾಲು ಹೇಗಿರುತ್ತದೆಂದು ನಾನು ಕಂಡಿಲ್ಲ.

ದೋನ್ಯಾ ಹಸಿಂತಾ ಮೇಲೆ ನನ್ನ ದೂರಿಲ್ಲ. ಸೂಪು ನಾನೇ ತರಿಸಿಕೊಡುತ್ತೇನೆ.

ಇದಿಷ್ಟೂ ನಾನೇ ಹೇಳಿ ಬರೆಸಿದ್ದು, ಸತ್ಯವಾಗಿರುತ್ತದೆ. ಇದನ್ನು ಗಟ್ಟಿಯಾಗಿ ಓದಿ ಹೇಳುವುದು ಬೇಡ. ಮಾವನವರ ಬೆಂಚು ಬಾಗಿಲಿನಿಂದ ಎಂಟು ಅಡಿಯಲ್ಲಿದೆ, ಈಗ ಐದು ನಿಮಿಷದಿಂದ ಅವರ ಕಡ್ಡಿಗಳ ಸದ್ದು ನಿಂತಿದೆ. ಮನಸ್ಸಿನಲ್ಲೇ ಓದಿಕೊಂಡೆ, ಸರಿ ಇದೆ.

ಸ್ಥಳ: ಜುಲಿಯಾಕಾ
ದಿನಾಂಕ: 24-04-2023, ಮಧ್ಯಾಹ್ನ 3.05
(ಸಹಿ) ಸೆಲ್ಸೊ ಹುವಾಟ್ಟಾ ಯುಕ್ರಾ