ಬರೇ ಬಣ್ಣದ ಚಿತ್ರ

ಜನವರಿ ಹನ್ನೊಂದು. ಮುಧೋಳದ ನಿಲ್ದಾಣದಲ್ಲಿ ಬನಹಟ್ಟಿಯ ಬಸ್ಸಿಗಾಗಿ ಇಪ್ಪತ್ಮೂರು ಜನ ಕಾದಿದ್ದರು. ಸೀರೆ ನೇಯುವ ಶಂಕರೆಪ್ಪ ಮತ್ತು ಚಿತ್ರಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದ ಅವನ ಮಗಳು ಮಧುಮತಿಯ ಮಾತಿಗೆ, ಹಿಂದೆ ನಿಂತಿದ್ದ ಗುರುಪಾದ ಮಾಸ್ತರರು ಕಿವಿಗೊಟ್ಟರು.

“ಬರೇ ಬಣ್ಣದ ಸುತ್ತು. ಒಂದು ಆಕಳಾ ಇಲ್ಲ, ಮನಿ ಇಲ್ಲ. ಇದೆಂಥಾ ಚಿತ್ರ?” ಮಗಳ ಕೈಯಲ್ಲಿದ್ದ ಚಿತ್ರ ನೋಡಿ ಶಂಕರೆಪ್ಪ ಕೇಳಿದ.

“ನೀ ನೇಯೂ ಸೀರ್ಯಾಗ ಆಕಳ ಐತೇನಪ್ಪಾ? ನೂರು ವರ್ಷದ ಹಿಂದನ ಪ್ಯಾರಿಸಿನ್ಯಾಗ ಹಿಂಗ ಬರದಾರ. ಹಸರಿನ ಬಾಜೂಕ ಕೆಂಪ ಇಟ್ರ ಎರಡೂ ಉರೀತಾವಂತ.”

“ಅದನ್ನ ಅವರೇನ ಹೇಳೂದು? ನಮ್ಮಪ್ಪ ಸೀರಿ ದಡಿಗೆ ಹಂಗ ಇಡ್ತಿದ್ದ!”

“ಅದಕ್ಕ, ಸ್ಪರ್ಧೆಯಾಗ ನಿನ್ನ ಗುರು ಯಾರಂತ ಕೇಳಿದವರಿಗೆ ನಿನ್ನ ಹೆಸರು ಹೇಳೀನಿ.”

ಶಂಕರೆಪ್ಪ ಮೀಸೆ ತೀಡಿದ.

“ಗೆದ್ರ ಚಿತ್ರಕಲಾ ಕಾಲೇಜಿಗೆ ಕಳಸ್ತೀನಿ ಅಂದಿದ್ದಿ.”

“ಅಂದೀನಿ. ನಾಳೇನ ಅರ್ಜಿ ತುಂಬು. ಆ ಚಿತ್ರ ಇಲ್ಲಿ ಕೊಡು.”

ಬಸ್ಸು ಬಂತು. ಚಿತ್ರವನ್ನು ತಲೆಯ ಮೇಲೆತ್ತಿ ಹಿಡಿದು ಶಂಕರೆಪ್ಪ ನುಗ್ಗಿದ.

“ಸರೀರಿ, ಸರೀರಿ! ನನ್ನ ಮಗಳು ಬರದ ಚಿತ್ರ ಐತ್ರಿ!”