ಕಂಬಳಿ ಹಾಕಿದ ಕೋಣೆಯಲ್ಲಿ ಹೊಳೆದ ಭತ್ತದ ಬೇರು

ಮಾರೆವ್ವ ಗಂಡ ಹನುಮಂತಪ್ಪ, ವಯಸ್ಸು 58, ಉದ್ಯೋಗ ಸೂಲಗಿತ್ತಿ ಕೆಲಸ ಹಾಗೂ ಕೂಲಿ, ಸಾಕಿನ್ ನವಲಿ, ತಾಲೂಕು ಗಂಗಾವತಿ, ಜಿಲ್ಲಾ ರಾಯಚೂರು, ನಾನಾಗಿ ಪೊಲೀಸ್ ಹೊರಠಾಣೆಗೆ ಬಂದು ತಿಳಿಸುವುದೇನೆಂದರೆ,

ಗಿರಣಿ ಕೋಣೆಯ ಸುದ್ದಿಯನ್ನು ನನಗೆ ಮೊದಲು ಹೇಳಿದವಳು ನೆರೆಮನೆಯ ದುರುಗವ್ವ, ದಿನಾಂಕ 10-8-1987 ಸೋಮವಾರ ಬೆಳಿಗ್ಗೆ 10 ಗಂಟೆಗೆ. ಅಕ್ಕಿ ಗಿರಣಿಯ ಹಿಂದಿನ ಕೋಣೆಯ ಬಾಗಿಲಿಗೆ ಎರಡು ದಿನದಿಂದ ಕರಿ ಕಂಬಳಿ ಇಳಿಬಿಟ್ಟಿದೆ, ಧಾರವಾಡದಿಂದ ಭತ್ತದ ಸಂಶೋಧನೆಗೆ ಬಂದ ಯಮನೂರಮ್ಮ ಹೆತ್ತಿರಬೇಕು, ಆದರೆ ಕೂಸಿನ ಅಳು ಕೇಳುತ್ತಿಲ್ಲ, ಪೊಲೀಸರಿಗೂ ಹೇಳಿದ್ದೇನೆ ಎಂದಳು. ನಮ್ಮಲ್ಲಿ ಹಾಗೆ ಕಂಬಳಿ ಹಾಕುವುದು ಬಾಣಂತಿ ಕೋಣೆಗೆ ಮಾತ್ರ. ಯಮನೂರಮ್ಮ ಸದಾ ಸಡಿಲವಾದ ಬಿಳಿ ಕೋಟು ತೊಡುತ್ತಿದ್ದರಿಂದ ನಾನೂ ನಂಬಿದೆ. ನನ್ನನ್ನು ಕರೆಯಲಿಲ್ಲವಲ್ಲ ಎಂದು ಸಿಟ್ಟೂ ಬಂತು.

10.20ಕ್ಕೆ ಅಲ್ಲಿಗೆ ಹೋದಾಗ ಪೇದೆ ಗವಿಸಿದ್ದಪ್ಪನವರು ಬಾಗಿಲಿನಿಂದ ಹತ್ತು ಹೆಜ್ಜೆ ದೂರ ನಿಂತಿದ್ದರು. ಕಂಬಳಿ ದಾಟಿ ಗಂಡಸರು ಹೋಗುವಂತಿಲ್ಲವೆಂದು ನನ್ನನ್ನು ಒಳಗೆ ಕಳಿಸಿದರು.

ಒಳಗೆ ಕೂಸು ಇರಲಿಲ್ಲ. ಕತ್ತಲಲ್ಲಿ ಯಮನೂರಮ್ಮ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದಳು. ದುರುಗವ್ವನ ಸವಳು ಹೊಲದಲ್ಲಿ ಉಪ್ಪು ತಿಂದೂ ಬದುಕಿದ ಸಸಿಯ ಬೇರಿನ ತುದಿ ಗಾಜಿನ ಮೇಲಿದೆ, ಅದಕ್ಕಿನ್ನೂ ಜೀವವಿದೆ ಎಂದಳು. ಹಾಕಿದ ಔಷಧಿ ಜೀವಕಣಗಳನ್ನು ಕಾಯುವ ಪದಾರ್ಥದೊಂದಿಗೆ ಕೂಡಿದರೆ ಮಾತ್ರ ನೀಲಿಯಾಗಿ ಹೊಳೆಯುತ್ತದಂತೆ. ಹೊರಬೆಳಕು ಬಿದ್ದರೆ ಕೆಡುತ್ತದಂತೆ. ಅದು ಕೊನೆಯ ಹನಿ, ಮತ್ತೆ ತರಿಸಲು ಒಂದು ವರ್ಷ ಬೇಕಂತೆ. "ಇಪ್ಪತ್ತು ನಿಮಿಷ ಯಾರನ್ನೂ ಬಿಡಬ್ಯಾಡ ಯವ್ವಾ" ಎಂದು ನನ್ನ ಕೈ ಹಿಡಿದಳು.

ನಾನು ಹೊರಬಂದು ಪೇದೆಯವರಿಗೆ, "ಇನ್ನೂ ಹಡದಿಲ್ರಿ. ಇಪ್ಪತ್ತು ನಿಮಿಷ ಆಚಿ ನಿಂದರ್ರಿ" ಎಂದೆ. ಇದು ಸುಳ್ಳು, ಒಪ್ಪುತ್ತೇನೆ. ಬಿಸಿನೀರು ಬೇಕೇ ಎಂದು ಅವರು ಕೇಳಿದರು. ಬೇಕೆಂದೆ. ತಾವೇ ಹೊತ್ತು ತಂದರು.

"ನಿಮಿಷದ ಲೆಕ್ಕ ಹೇಳತೀಯಲ್ಲ, ಆಕಿ ಹೊಟ್ಟ್ಯಾಗ ಗಡಿಯಾರ ಐತೇನು?" ಎಂದು ನನ್ನ ಹಿಂದೆಯೇ ಬಂದಿದ್ದ ದುರುಗವ್ವ ಕೆಣಕಿದಳು.

"ನಿನ್ನ ಹೆರಿಗಿಗೂ ಹಿಂಗ ಹೇಳಿದ್ದೆ. ಸುಮ್ನ ಕುಂದ್ರು" ಎಂದೆ.

10.50ಕ್ಕೆ ಯಮನೂರಮ್ಮ ಒಳಗಿನಿಂದ, "ಫೋಟೋ ತಗದೀನಿ, ಬರ್ರಿ, ಎಲ್ಲಾರೂ ನೋಡ್ರಿ" ಎಂದು ಕರೆದಳು. ಕೂಸಲ್ಲ, ಬೇರು ಎಂದು ನಾನು ಆಗ ಹೇಳಿದೆ. ಪೇದೆಯವರು ಟೋಪಿ ತೆಗೆದು ನೋಡಿದರು. ಹೋಲಿಕೆಗೆಂದು ಪಕ್ಕದಲ್ಲಿಟ್ಟಿದ್ದ ಬಾಡಿದ ಸಸಿಯ ಬೇರು ಮಬ್ಬಾಗಿತ್ತು; ಉಪ್ಪು ತಿಂದು ಬದುಕಿದ್ದರ ಒಂದೊಂದು ಕಣವೂ ನೀಲಿ ದೀಪವಾಗಿತ್ತು. ಬೇರು ತನ್ನ ಹೊಲದ್ದೆಂದು ತಿಳಿದು ದುರುಗವ್ವ ಮೂರು ಸಲ ನೋಡಿದಳು. ಆ ಹೊಲದಲ್ಲಿ ಅಂಥ ಹನ್ನೊಂದು ಸಸಿ ಉಳಿದಿವೆ, ಬೀಜ ಕಟ್ಟುವವರೆಗೆ ಅವನ್ನು ಕಾಪಾಡಬೇಕು ಎಂದು ಯಮನೂರಮ್ಮ ತಿಳಿಸಿದಳು.

ಮರುದಿನ, ಅಂದರೆ ಇಂದು ಬೆಳಿಗ್ಗೆ 6 ಗಂಟೆಗೆ, ನೋಡಿದವರೆಲ್ಲ ಸೇರಿ ಆ ಹನ್ನೊಂದು ಸಸಿಗಳ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದರು. ಪೇದೆಯವರ ಸಮವಸ್ತ್ರ ಎರಡು ಕಡೆ ಹರಿದದ್ದು ಆಗ. ಅದಕ್ಕೆ ನಾನು ಕಾರಣಳಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನೇ ಒಪ್ಪಿದ ಒಂದು ಸುಳ್ಳು ಬಿಟ್ಟರೆ ಉಳಿದದ್ದೆಲ್ಲ ನಿಜ.

ಸ್ಥಳ: ನವಲಿ
ದಿನಾಂಕ: 11-8-1987
ಮಾರೆವ್ವಳ ಎಡಗೈ ಹೆಬ್ಬೆಟ್ಟಿನ ಗುರುತು