ಗೋಳಗುಮ್ಮಟದಲ್ಲಿ ಕರೆದ ಹೆಸರು

೧೯೭೪ರ ಒಂದು ಸಂಜೆ ವಿಜಾಪುರದ ಬಸ್ ನಿಲ್ದಾಣದಲ್ಲಿ, ಕಾಖಂಡಕಿ ಬಸ್ಸಿನ ಪಾಳಿಯಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು.

"ಗೋಳಗುಮ್ಮಟ ನೋಡಿ ಖುಷಿ ಆತಿಲ್ಲೊ?"

"ಆತ್ರಿ. ಮ್ಯಾಲ ಗ್ವಾಡಿಗೆ ಬಾಯಿ ಹಚ್ಚಿ ನೀವು ಕರದದ್ದು ಆ ಕಡಿ ನನಗ ಛಲೋ ಕೇಳಿಸ್ತು."

"ಏನಂತ ಕೇಳಿಸ್ತು?"

"'ರಾಚವ್ವಾ' ಅಂತ. ನಮ್ಮಕ್ಕನ ಹೆಸರು."

ಅವನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ.

"ಹತ್ತ ವರ್ಷ ಆಕಿನ್ನ ಕರದ ಬಾಯಿ ಇದು. ಆಕಿ ತೀರಿದ ಮ್ಯಾಲ ನಿನ್ನ ಮಾಡ್ಕೊಂಡು ಇನ್ನಾ ತಿಂಗಳಾತು."

"ನಾ ಏನಾರ ಅಂದ್ನೇನ್ರಿ?"

"ಮತ್ತ ನೀ ಯಾಕ 'ಓ' ಅಂದಿ?"

"ಏಳ ಸಲ ಕೇಳಿಸ್ತು. ಯಾರರೆ 'ಓ' ಅನ್ನಬೇಕಲ್ರಿ."

ಬಸ್ಸು ಬಂತು. ಅವನು ಮೊದಲು ಹತ್ತಿ, ಬಾಗಿಲಲ್ಲಿ ತಿರುಗಿ, "ಬಾ" ಎಂದ. ಅಷ್ಟೇ. ಅವಳ ಹೆಸರು ನನಗೆ ಕೊನೆಗೂ ತಿಳಿಯಲಿಲ್ಲ.